ಪಾಪಿರೆಡ್ಡಿಪಟ್ಟಿಯ ಕಣದಲ್ಲಿ ಒಂದು ರಾತ್ರಿ



ವೇಳಾಂಕಣ್ಣಿಗೆ ಹೋಗಿಬಂದ ಕುಟುಂಬದವರನ್ನು ‘ಯಾತ್ರೆ ಹೇಗಾಯಿತು?’ ಎಂದು ಕೇಳಿ ನೋಡಿ. ‘ಹೋಗುವಾಗ ಹಾಡು, ಜಪಸರ ಎಲ್ಲಾ ಚೆನ್ನಾಗಿತ್ತು ಫಾದರ್, ಬರುವಾಗ ಮಾತ್ರ ಎಲ್ಲರೂ ಮಲಗಿಬಿಟ್ಟೆವು’ ಎನ್ನುತ್ತಾರೆ. ಎಲ್ಲರೂ ಎಂದರೆ ನಿಜವಾಗಿ ಎಲ್ಲರೂ ಅಲ್ಲ. ಒಬ್ಬರು ಮಲಗುವಂತಿಲ್ಲ. ಅವರ ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ. ಈ ಸಣ್ಣ ಸಂಗತಿ ನಮಗೆ ಸರಿಯಾಗಿ ಅರ್ಥವಾದದ್ದು ಕಳೆದ ಜನವರಿಯಲ್ಲಿ, ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿ ಎಂಬ ಊರಿನಲ್ಲಿ. ಅಲ್ಲಿಗೆ ಹೋಗಬೇಕೆಂದು ನಾವು ಹೊರಟಿರಲಿಲ್ಲ. ಆದರೂ ಆ ಯಾತ್ರೆಯಲ್ಲಿ ಹೆಚ್ಚು ನೆನಪಿನಲ್ಲಿ ಉಳಿದ ಊರು ಅದೇ.

ನಾವು ಮೂವರು ಹೊರಟಿದ್ದೆವು. ನಾವು, ನಮ್ಮ ಧರ್ಮಕೇಂದ್ರದ ಎಪ್ಪತ್ತು ದಾಟಿದ ಉಪದೇಶಿಗಳು, ಮತ್ತು ಬೊಲೆರೊ ಗಾಡಿ ಓಡಿಸುವ ಇಪ್ಪತ್ತಾರರ ತರುಣ. ಉಪದೇಶಿಗಳನ್ನು ಊರೆಲ್ಲ ತಾತ ಎಂದೇ ಕರೆಯುತ್ತದೆ, ಚಾಲಕನನ್ನು ನಾವು ತಮ್ಮ ಎನ್ನುತ್ತೇವೆ. ಸೆಪ್ಟೆಂಬರ್ 8ರ ಹಬ್ಬದ ನೂಕುನುಗ್ಗಲು ತಾತನ ಸೊಂಟಕ್ಕೆ ಆಗದೆಂದು ಪೊಂಗಲ್‌ಗೆ ಮೊದಲಿನ ಬಿಡುವಿನ ದಿನಗಳನ್ನು ಆರಿಸಿಕೊಂಡಿದ್ದೆವು. ಒಂದು ರಾತ್ರಿ ಅಲ್ಲಿ ಉಳಿದು, ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ತಂಜಾವೂರು, ತಿರುಚಿನಾಪಳ್ಳಿ, ನಾಮಕ್ಕಲ್ ದಾಟಿ ಸೇಲಂ ಸೇರುವಾಗ ರಾತ್ರಿ ಒಂಬತ್ತಾಗಿತ್ತು. ಮಾರನೆಯ ಬೆಳಿಗ್ಗೆ ಆರೂವರೆಯ ಬಲಿಪೂಜೆಗೆ ಊರಿನಲ್ಲಿರಬೇಕೆಂಬುದು ನಮ್ಮ ಲೆಕ್ಕ.

ಸೇಲಂನಲ್ಲಿ ಡೀಸೆಲ್ ಹಾಕಿಸುವಾಗ, ತೊಪ್ಪೂರು ಘಾಟಿಯಲ್ಲಿ ಲಾರಿಯೊಂದು ಮಗುಚಿ ವಾಹನಗಳು ನಿಂತಿವೆಯೆಂದು ಯಾರೋ ಹೇಳಿದರು. ಧರ್ಮಪುರಿ ಮತ್ತು ಸೇಲಂ ನಡುವಿನ ಆ ಇಳಿಜಾರು ಅಪಘಾತಗಳಿಗೆ ಹೆಸರಾದದ್ದು. ಹೀಗಾಗಿ ಹೆದ್ದಾರಿ ಬಿಟ್ಟು ಅಯೋಧ್ಯಾಪಟ್ಟಣ, ಮಂಜವಾಡಿ ಕಣಿವೆ, ಪಾಪಿರೆಡ್ಡಿಪಟ್ಟಿ, ಹರೂರು, ಊತಂಗರೆ ಮಾರ್ಗವಾಗಿ ಕೃಷ್ಣಗಿರಿ ಸೇರೋಣವೆಂದು ತಿರುಗಿದೆವು. ತಾತ ಹಿಂದೆ ಗೊರಕೆ ಹೊಡೆಯುತ್ತಿದ್ದರು. ನಮಗೂ ಕಣ್ಣು ಕೂಡಿತು.

ಮಂಜವಾಡಿ ಕಣಿವೆ ದಾಟಿದ ಮೇಲೆ ಗಾಡಿ ಧಡಧಡ ಎಂದಿತು. ಕಣ್ಣು ಬಿಟ್ಟರೆ ಎಡಗಡೆಯ ಗಾಲಿಗಳು ರಸ್ತೆ ಬಿಟ್ಟು ಮಣ್ಣಿಗಿಳಿದಿವೆ, ಎದುರಿಗೆ ಹುಣಸೇಮರದ ಬೊಡ್ಡೆ! ತಮ್ಮ ಹೇಗೋ ತಿರುಗಿಸಿ ನಿಲ್ಲಿಸಿದ. ಅವನ ಕೈ ನಡುಗುತ್ತಿತ್ತು.

‘ತಮ್ಮಾ, ನಿದ್ದೆ ಬಂತಾ?’

‘ಒಂದೇ ಒಂದು ನಿಮಿಷ ಫಾದರ್... ಗೊತ್ತೇ ಆಗಲಿಲ್ಲ.’

‘ನಿನ್ನೆ ರಾತ್ರಿ ಚೆನ್ನಾಗಿ ಮಲಗಿದ್ದೆಯಲ್ಲಾ?’

ಅವನು ಉತ್ತರಿಸಲಿಲ್ಲ. ತಾತನೇ ಹೇಳಿದರು: ‘ಎಲ್ಲಿ ಮಲಗುತ್ತಾನೆ ಸ್ವಾಮಿ? ನಾವಿಬ್ಬರು ರೂಮಿನಲ್ಲಿದ್ದೆವು. ಅವನು ಗಾಡಿಯ ಮುಂದಿನ ಸೀಟಿನಲ್ಲೇ ಇದ್ದ. ಸೊಳ್ಳೆ ಅಂತ ಬೆಳಿಗ್ಗೆ ನನ್ನ ಹತ್ತಿರ ಹೇಳಿದ.’

ರೂಮು ಹಿಡಿಯುವಾಗ ನಾವು ಕೇಳಿದ್ದು ಎರಡು ಹಾಸಿಗೆ. ಮೂರನೆಯದರ ಯೋಚನೆಯೇ ಬಂದಿರಲಿಲ್ಲ. ‘ಗಾಡಿ ನೋಡಿಕೊಳ್ಳಲು ಒಬ್ಬರು ಬೇಕಲ್ಲ’ ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಂಡಿತ್ತು. ಪ್ರವಚನದಲ್ಲಿ ನೆರೆಯವರನ್ನು ಪ್ರೀತಿಸಿರಿ ಎಂದು ಎಷ್ಟೋ ಸಲ ಹೇಳಿದ್ದೇವೆ. ಆ ನೆರೆಯವನು ಒಂದು ಮೊಳ ದೂರದಲ್ಲಿ ಎರಡು ದಿನ ಕುಳಿತಿದ್ದರೂ ಅವನು ಎಲ್ಲಿ ಮಲಗಿದನೆಂದು ಕೇಳಿರಲಿಲ್ಲ.

ನಿಧಾನವಾಗಿ ಪಾಪಿರೆಡ್ಡಿಪಟ್ಟಿ ತಲುಪಿ, ಬೀದಿಬದಿಯ ಟೀ ಅಂಗಡಿಯ ಮುಂದೆ ನಿಂತೆವು. ಟೀ ಕುಡಿದು ಮುಂದೆ ಹೋಗೋಣ ಎಂದು ತಮ್ಮ. ಅಲ್ಲಿ ಕುಳಿತಿದ್ದ ಸಂಗಗಿರಿ ಕಡೆಯ ಲಾರಿ ಚಾಲಕರೊಬ್ಬರು ಅವನ ಕಣ್ಣು ನೋಡಿಯೇ, ‘ತಂಬಿ, ಟೀಯಿಂದ ನಿದ್ದೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಅಡಗಿ ಕೂರುತ್ತದೆ, ಆಮೇಲೆ ಒಟ್ಟಿಗೆ ಬಂದು ಹಿಡಿಯುತ್ತದೆ’ ಎಂದು ತಮಿಳಿನಲ್ಲಿ ಹೇಳಿದರು. ಸಂಗಗಿರಿ, ತಿರುಚ್ಚೆಂಗೋಡು, ನಾಮಕ್ಕಲ್ ಎಂದರೆ ಲಾರಿಗಳ ಸೀಮೆ. ಅಲ್ಲಿ ಬಾಡಿ ಕಟ್ಟುವ ಲಾರಿಗಳಲ್ಲಿ ಚಾಲಕನ ಸೀಟಿನ ಹಿಂದೆ ಮಲಗಲು ಹಲಗೆ ಇರುತ್ತದೆ. ವಾಹನದಲ್ಲಿ ಮಲಗುವ ವಿದ್ಯೆಯನ್ನು ಅವರಿಗಿಂತ ಚೆನ್ನಾಗಿ ಕಲಿತವರು ಯಾರಿದ್ದಾರೆ? ನಮ್ಮ ಅಜ್ಜಂದಿರಿಗೂ ಅದು ಗೊತ್ತಿತ್ತೆನ್ನಿ. ಕಮಾನು ಗಾಡಿಗೆ ಹುಲ್ಲು ತುಂಬಿ, ಅದರ ಮೇಲೆ ಜಮಖಾನ ಹಾಸಿ ಜಾತ್ರೆಗೆ ಹೊರಟರೆ, ದಾರಿಯುದ್ದಕ್ಕೂ ಅದೇ ಮನೆ, ಅದೇ ಹಾಸಿಗೆ, ಎತ್ತಿಗೆ ಅದೇ ಮೇವು!

ಟೀ ಅಂಗಡಿಯವರು ಫೋನು ಮಾಡಿ, ಊರಾಚೆಯ ತಮ್ಮ ನೆಂಟರ ಕಣದಲ್ಲಿ ಗಾಡಿ ನಿಲ್ಲಿಸಲು ಒಪ್ಪಿಗೆ ಕೊಡಿಸಿದರು. ನೀವೂ ಇದನ್ನು ಗಮನಿಸಿ. ಹೆದ್ದಾರಿಯ ಅಂಚಿನಲ್ಲಾಗಲಿ, ಕಾಡಿನ ಸರಹದ್ದಿನಲ್ಲಾಗಲಿ, ಹೊಳೆಯ ಪಾತ್ರದಲ್ಲಾಗಲಿ ಗಾಡಿ ನಿಲ್ಲಿಸಿ ಮಲಗಬೇಡಿ. ಒಂದು ಮನೆಯವರನ್ನು ಕೇಳಿ, ಅವರ ಜಾಗದಲ್ಲಿ ನಿಲ್ಲಿಸುವುದೇ ಕ್ಷೇಮ. ಆ ಮನೆಯ ಅಜ್ಜಿ ಲಾಟೀನು ಹಿಡಿದು ಬಂದು, ನಮ್ಮ ಮಾತು ಕೇಳಿ, ‘ಕನ್ನಡದೋರಾ ಸಾಮಿ? ಬನ್ನಿ ಬನ್ನಿ’ ಎಂದಾಗ ತಾತನ ಮುಖ ಅರಳಿತು. ಆಶ್ಚರ್ಯವೇನಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಡುವವರೆಗೂ ಬಾರಾಮಹಲ್ ಎಂಬ ಈ ಸೀಮೆ ಮೈಸೂರಿನ ಕೈಯಲ್ಲಿತ್ತು. ಈಗಲೂ ಧರ್ಮಪುರಿ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ತಾತನ ಸೊಂಟದ ಕಥೆ ಕೇಳಿದ ಅಜ್ಜಿ ಅವರಿಗೆ ಜಗಲಿಯ ಮೇಲೆ ಹಗ್ಗದ ಮಂಚ ಹಾಕಿಸಿದರು.

ಇನ್ನು ಗಾಡಿಯಲ್ಲಿ ಹಾಸಿಗೆ ಮಾಡಬೇಕಿತ್ತು. ದಾರಿ ತೋರಿಸಲು ಜೊತೆಗೆ ಬಂದಿದ್ದ ಲಾರಿ ಚಾಲಕರೇ ಮುಂದಾಗಿ ನಿಂತು ಹೇಳಿಕೊಟ್ಟರು. ಮೊದಲ ಪಾಠ, ನೆಲ ಸಮವಾಗಿರಬೇಕು. ಅರ್ಧ ನೀರಿರುವ ಬಾಟಲಿಯನ್ನು ಗಾಡಿಯೊಳಗೆ ಅಡ್ಡಲಾಗಿ ಮಲಗಿಸಿದರೆ, ನೀರು ಸರಿಯುವ ಕಡೆಗೆ ತಗ್ಗು. ಎರಡು ಸಲ ಗಾಡಿ ಹಿಂದೆಮುಂದೆ ಮಾಡಿ, ಉಳಿದ ಸ್ವಲ್ಪ ಏರು ತಲೆಯ ಕಡೆಗೆ ಬರುವಂತೆ ನಿಲ್ಲಿಸಿದೆವು. ಕಾಲು ಎತ್ತರ, ತಲೆ ತಗ್ಗಾದರೆ ಬೆಳಿಗ್ಗೆ ತಲೆನೋವು ಖಂಡಿತ. ಗಾಡಿಯ ಮೂತಿ ಹೊರಗೆ ಹೋಗುವ ದಾರಿಯ ಕಡೆಗೇ ಇರಬೇಕು. ತುರ್ತಿಗೆ ಕತ್ತಲಲ್ಲಿ ತಿರುಗಿಸುವ ಪಾಡು ತಪ್ಪುತ್ತದೆ.

ಎರಡನೆಯದು, ಹಳ್ಳ ತುಂಬಬೇಕು. ನಮ್ಮ ಗಾಡಿಯ ಹಿಂದೆ ಎದುರುಬದುರು ಎರಡು ಅಡ್ಡ ಸೀಟುಗಳು, ನಡುವೆ ಕಾಲಿಡುವ ಜಾಗ. ಅಜ್ಜಿಯ ಮನೆಯ ಹಳೆಯ ಬಾಗಿಲ ಹಲಗೆಯನ್ನು ಆ ಎರಡು ಸೀಟುಗಳ ಮೇಲೆ ಸೇತುವೆಯಂತೆ ಇಟ್ಟೆವು. ಮಧ್ಯದ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದೆವು. ಎರಡೂ ಕೂಡುವಲ್ಲಿ ಉಳಿದ ತಗ್ಗಿಗೆ ನಮ್ಮ ಬಟ್ಟೆ ಚೀಲಗಳನ್ನು ತುರುಕಿದೆವು. ಅದರ ಮೇಲೆ ಭತ್ತದ ಹುಲ್ಲು ತುಂಬಿದ ಗೋಣಿಚೀಲ, ಮೇಲೊಂದು ಜಮಖಾನ. ಆರಡಿ ಆಳು ಕಾಲು ಚಾಚುವಷ್ಟು ಜಾಗವಾಯಿತು. ಒಬ್ಬರಿಗೆ ಹಿತ, ಇಬ್ಬರಿಗೆ ಇಕ್ಕಟ್ಟು.

ಮೂರನೆಯದು ಚಳಿಯ ವಿಷಯ. ನಾವು ಸಾಮಾನ್ಯವಾಗಿ ಇದ್ದಬದ್ದ ಕಂಬಳಿಯನ್ನೆಲ್ಲ ಮೇಲೆ ಹೊದೆಯುತ್ತೇವೆ. ಗಾಡಿಯ ತಗಡಿನಿಂದ ತಣ್ಣಗೆ ಏರುವುದು ಕೆಳಗಿನಿಂದ. ಆದ್ದರಿಂದ ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಸಬೇಕು.

ನಾಲ್ಕನೆಯದು ಗಾಳಿ. ಎದುರುಬದುರು ಎರಡು ಕಿಟಕಿಗಳನ್ನು ಎರಡೆರಡು ಬೆರಳಿನಷ್ಟು ಇಳಿಸಿ, ಸೊಳ್ಳೆ ಪರದೆಯ ಬಟ್ಟೆಯನ್ನು ಬಾಗಿಲಿಗೆ ಸಿಕ್ಕಿಸಿದೆವು. ಪೂರ್ತಿ ಮುಚ್ಚಿದರೆ ಮಲಗಿದವರ ಉಸಿರಿನ ತೇವವೇ ಗಾಜಿನ ಮೇಲೆ ಹನಿಯಾಗಿ ಹಾಸಿಗೆಗೆ ಇಳಿಯುತ್ತದೆ. ಒಳಗೆ ಸೊಳ್ಳೆ ಬತ್ತಿ ಹಚ್ಚಬಾರದು, ಕೆಂಡದ ಒಲೆ ಇಡಲೇಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎ.ಸಿ.ಗಾಗಿ ಇಂಜಿನ್ ಓಡುತ್ತಿರಲೆಂದು ಬಿಟ್ಟು ಮಲಗಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಹಿಡಿದುಕೊಳ್ಳುತ್ತದೆ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹೀಗೆ ನಿಂತ ಕಾರಿನಲ್ಲಿ ಮಲಗಿ ಏಳದವರ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ.

ಕೊನೆಯದಾಗಿ, ಬೀಗದ ಕೈ, ಟಾರ್ಚು, ನೀರು ಇವು ಮೂರೂ ಕತ್ತಲಲ್ಲಿ ಕೈಗೆ ಸಿಗುವ ಒಂದೇ ಜಾಗದಲ್ಲಿರಬೇಕು.

ಹಾಸಿಗೆ ಸಿದ್ಧವಾದಾಗ ತಮ್ಮ, ‘ಫಾದರ್, ನೀವು ಹಿಂದೆ ಮಲಗಿ, ನಾನು ಮುಂದೆ ಇರುತ್ತೇನೆ’ ಎಂದ. ಅಭ್ಯಾಸ! ನಾವು ಒಪ್ಪಲಿಲ್ಲ. ಸ್ವಲ್ಪ ಗದರಿಸಿಯೇ ಅವನನ್ನು ಹಿಂದೆ ಕಳುಹಿಸಬೇಕಾಯಿತು. ಎರಡು ನಿಮಿಷದಲ್ಲಿ ಅವನು ನಿದ್ದೆಹೋದ. ನಾವು ಫೋನಿನಲ್ಲಿ ಪಕ್ಕದ ಧರ್ಮಕೇಂದ್ರದ ಗುರುಗಳನ್ನು ಎಬ್ಬಿಸಿ, ಬೆಳಗಿನ ಬಲಿಪೂಜೆಯನ್ನು ಅವರಿಗೆ ಒಪ್ಪಿಸಿದೆವು. ‘ಮೊದಲು ಮಲಗಿ, ಆಮೇಲೆ ಬನ್ನಿ’ ಎಂದರು ಅವರು. ಇಷ್ಟು ಸುಲಭವಾಗಿತ್ತು ನಮ್ಮ ಆ ದೊಡ್ಡ ಅವಸರದ ಪರಿಹಾರ!

ಆಮೇಲೆ ಮುಂದಿನ ಸೀಟುಗಳ ಮೇಲೆ ಅಡ್ಡಲಾಗಿ ಮಲಗಿದೆವು. ಗೇರಿನ ಕೋಲು ಪಕ್ಕೆಲುಬಿಗೆ, ಹ್ಯಾಂಡ್‌ಬ್ರೇಕು ಸೊಂಟಕ್ಕೆ, ಬಾಗಿಲಿನ ಹಿಡಿ ತಲೆಗೆ. ಕಾಲು ಮಡಚಿದರೆ ಮೊಣಕಾಲು ಸ್ಟಿಯರಿಂಗಿಗೆ. ಕುಳಿತರೆ ಕತ್ತು ವಾಲುತ್ತದೆ, ಪಾದ ಊದುತ್ತದೆ. ಗಂಟೆ ಹನ್ನೊಂದು, ಹನ್ನೆರಡು, ಎರಡು... ಇಡೀ ರಾತ್ರಿ ಇಲ್ಲಿದ್ದು, ಮಾರನೆಯ ದಿನ ನಮ್ಮನ್ನು ಸೇಲಂವರೆಗೆ ತಂದವನಿಗೆ ನಾವು ‘ನಿದ್ದೆ ಬಂತಾ?’ ಎಂದು ಕೇಳಿದ್ದೆವಲ್ಲ ಎಂದು ನಾಚಿಕೆಯಾಯಿತು.

ಐದು ಗಂಟೆಗೆ ಕೋಳಿ ಕೂಗಿತು. ತಮ್ಮ ಎದ್ದು ಬಂದು, ‘ಫಾದರ್, ನನ್ನದಾಯಿತು. ಈಗ ನೀವು ಹೋಗಿ, ಬೆಚ್ಚಗಿದೆ’ ಎಂದ. ಆ ಹುಲ್ಲಿನ ಹಾಸಿಗೆಯಲ್ಲಿ ಕಾಲು ಚಾಚಿದ್ದೇ ನೆನಪು. ಎಂಟೂವರೆಗೆ ಅಜ್ಜಿ ಕಾಫಿ ತಂದು ಬಾಗಿಲು ತಟ್ಟುವವರೆಗೆ ಲೋಕದ ಪರಿವೆಯಿರಲಿಲ್ಲ. ಎಷ್ಟೋ ಒಳ್ಳೆಯ ಮಂಚಗಳ ಮೇಲೆ ಮಲಗಿದ್ದೇವೆ, ಅಂಥ ನಿದ್ದೆ ಅಪರೂಪ.

ಹೊರಗೆ ಬಂದು ನೋಡಿದರೆ, ಬೆಟ್ಟಸಾಲು ಮಂಜು ಹೊದ್ದು ನಿಂತಿತ್ತು. ಅದೇ ಶೇರ್ವರಾಯನ್ ಬೆಟ್ಟ. ಅದರ ಮೇಲೆ ಸುಮಾರು 1,500 ಮೀಟರ್ ಎತ್ತರದಲ್ಲಿ ಕಾಫಿ ತೋಟಗಳ ಏರ್ಕಾಡು. ಬೆಟ್ಟದ ನೀರು ವಾಣಿಯಾರ್ ಎಂಬ ಹೊಳೆಯಾಗಿ ಕೆಳಗಿಳಿಯುತ್ತದೆ, ಬುಡದಲ್ಲೇ ಅದಕ್ಕೊಂದು ಅಣೆಕಟ್ಟು ಇದೆ. ಆ ಹೊಳೆ ಮುಂದೆ ಹೋಗಿ ಸೇರುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿಬರುವ ದಕ್ಷಿಣ ಪಿನಾಕಿನಿಯನ್ನು. ಕಣದ ಸುತ್ತ ಮರಗೆಣಸಿನ ಹೊಲ. ಸೇಲಂ, ಧರ್ಮಪುರಿ ಕಡೆ ಈ ಗೆಣಸನ್ನು ಅರೆದು, ಹಾಲು ತೆಗೆದು, ಕಾಳು ಕಟ್ಟಿ ಸಬ್ಬಕ್ಕಿ ಮಾಡುತ್ತಾರೆ. ನಮ್ಮ ಹಬ್ಬದ ಪಾಯಸದ ಸಬ್ಬಕ್ಕಿ ಬರುವುದು ಹೆಚ್ಚಾಗಿ ಈ ಕಡೆಯಿಂದಲೇ. ಅಜ್ಜಿ ಬೇಯಿಸಿದ ಗೆಣಸಿಗೆ ಕಾಯಿತುರಿ ಹಾಕಿಕೊಟ್ಟರು. ದುಡ್ಡು ಕೊಡಹೋದರೆ, ‘ಹಲಗೆ ಎಲ್ಲಿತ್ತೋ ಅಲ್ಲಿಟ್ಟು ಹೋಗಿ ಸಾಮಿ, ಸಾಕು’ ಎಂದರು. ತಮ್ಮ ಹಲಗೆಯನ್ನು ಒರೆಸಿ, ಕಣವನ್ನೂ ಗುಡಿಸಿ ಬಂದ.

ಊರಿಗೆ ಬಂದ ಮೇಲೆ ಈ ವಿಷಯವಾಗಿ ಒಂದಿಷ್ಟು ಓದಿದೆವು. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ಬರೆದಿತ್ತು. 2023ರಲ್ಲಿ ತಮಿಳುನಾಡು ಸರ್ಕಾರ ಕಟ್ಟಡ ನಿಯಮಗಳನ್ನು ತಿದ್ದಿ, ಹೋಟೆಲು ವಸತಿಗೃಹಗಳು ಅತಿಥಿಗಳ ಚಾಲಕರಿಗೂ ಮಲಗುವ ಜಾಗ ಒದಗಿಸಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ರೂಮು ಹಿಡಿಯುವವರು ಕೇಳಬೇಕಲ್ಲ? ಕೇಳದಿದ್ದರೆ ಅವನು ಕೇಳುವುದಿಲ್ಲ. ‘ಪರವಾಗಿಲ್ಲ ಫಾದರ್’ ಎನ್ನುತ್ತಾನೆ.

ಸಂತ ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ, ದಿನವಿಡೀ ಬೋಧಿಸಿ ದಣಿದ ಯೇಸುಸ್ವಾಮಿ ದೋಣಿಯ ಹಿಂಬದಿಯಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರು. ಆ ಭಾಗದ ಮೇಲೆ ಪ್ರವಚನ ಮಾಡುವಾಗಲೆಲ್ಲ ನಾವು ಬಿರುಗಾಳಿಯ ಮಾತನ್ನೇ ಆಡುತ್ತಿದ್ದೆವು. ಈಗ ಆ ದಿಂಬು ಕಣ್ಣಿಗೆ ಬೀಳುತ್ತದೆ. ದಣಿದವರಿಗೆಂದು ದೋಣಿಯಲ್ಲಿ ಯಾರೋ ಒಂದು ದಿಂಬನ್ನು ಇಟ್ಟಿದ್ದರು.

ಪ್ರಿಯ ಕುಟುಂಬದವರೇ, ಬೇಸಿಗೆ ರಜೆ ಬರುತ್ತಿದೆ. ವೇಳಾಂಕಣ್ಣಿಗೋ, ನೆಂಟರ ಮದುವೆಗೋ, ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೋ ಹೊರಡುತ್ತೀರಿ. ಹಲವು ಮನೆಗಳಲ್ಲಿ ಗಾಡಿ ಓಡಿಸುವವರು ಬೇರೆ ಯಾರೋ ಅಲ್ಲ, ಅಪ್ಪ, ಅಣ್ಣ, ಇಲ್ಲವೇ ಅಳಿಯ. ಹೊರಡುವ ಮುಂಚೆ ಖರ್ಚಿನ ಪಟ್ಟಿಯಲ್ಲಿ ಅವರ ಹಾಸಿಗೆಯನ್ನೂ ಬರೆಯಿರಿ. ಗಾಡಿಯ ಹಿಂದೆ ಒಂದು ಹಲಗೆ, ಎರಡು ಕಂಬಳಿ, ಸೊಳ್ಳೆ ಪರದೆಯ ತುಂಡು ಇಟ್ಟುಕೊಳ್ಳಿ. ಕಣ್ಣು ಭಾರವಾಯಿತು ಎಂದು ಅವರು ಹೇಳಿದ ತಕ್ಷಣ, ‘ಇನ್ನೇನು ಬಂತಲ್ಲ, ಹೊರಡು’ ಎನ್ನಬೇಡಿ. ಬೆಳಗಾದ ಮೇಲೆ ಮನೆ ಸೇರಿದರೂ ಆದೀತು.

ನಮ್ಮ ಬೊಲೆರೊದಲ್ಲಿ ಈಗ ಆ ಅಳತೆಯ ಹಲಗೆಯೊಂದು ಕಾಯಂ ಆಗಿ ಇದೆ. ಬಡಗಿಯ ಹತ್ತಿರ ಅದನ್ನು ಕುಯ್ಯಿಸಿ ತಂದವನು ತಮ್ಮನೇ. ಮುಂದಿನ ಸಲ ಹೋಗುವಾಗ ಪಾಪಿರೆಡ್ಡಿಪಟ್ಟಿಯ ಅಜ್ಜಿಗೆ ತೋರಿಸಬೇಕಂತೆ.