ಠಾಣೆ ಜೈಲಿನಲ್ಲಿ ಗಲ್ಲಿಗೇರಿದ ರಾಘೋಜಿ

ಠಾಣೆಯ ಸೆಂಟ್ರಲ್ ಜೈಲು ಪೋರ್ಚುಗೀಸರು 1730ರ ಸುಮಾರಿಗೆ ಕಟ್ಟಲು ಶುರುಮಾಡಿದ ಕೋಟೆ. 1848ರ ಮೇ 2ರಂದು ಮಹಾದೇವ ಕೋಳಿ ಬುಡಕಟ್ಟಿನ ಬಂಡಾಯಗಾರ ರಾಘೋಜಿ ಭಾಂಗ್ರೆಯನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲೇ. ಸಾಮ್ರಾಜ್ಯಕ್ಕೆ ಎದುರು ನಿಂತವರು ಅಂದ ಕೂಡಲೇ ನಮಗೆ ಮಹಾರಾಣಾ ಪ್ರತಾಪ, 1671ರ ಸರಾಯ್‌ಘಾಟ್ ಕದನದ ಅಹೋಮ್ ಸೇನಾಪತಿ ಲಾಚಿತ್ ಬೊರ್ಫುಕನ್ ನೆನಪಾಗುತ್ತಾರೆ. ಅವರ ಹಿರಿಮೆ ದೊಡ್ಡದೇ. ಆದರೆ ತಮ್ಮ ಚರಿತ್ರೆ ಬರೆದಿಡಲು ರಜಪೂತರಿಗೆ ಖ್ಯಾತಗಳಿದ್ದವು, ಅಹೋಮರಿಗೆ ಬುರಂಜಿಗಳಿದ್ದವು. ಸಹ್ಯಾದ್ರಿಯ ಕೋಳಿಗಳ ಬಗ್ಗೆ ಹೆಚ್ಚಾಗಿ ಬರೆದಿಟ್ಟವರು ಅವರನ್ನು ಬೆನ್ನಟ್ಟಿದ ಸರ್ಕಾರದವರೇ. ಹಾಗಾಗಿ ಅವರ ಬಂಡಾಯ ಕಡತದಲ್ಲಿ ದರೋಡೆಯಾಗಿ ಉಳಿಯಿತು.

ರಾಘೋಜಿಯ ಕಡೆಯವರು ಸಾಹುಕಾರರನ್ನು ದೋಚಿದ್ದು, ಅವರ ಮೂಗು ಕೊಯ್ದದ್ದು ಸುಳ್ಳೇ ಅಂತ ಕೇಳಬಹುದು. ಸುಳ್ಳಲ್ಲ, ಆ ಕ್ರೌರ್ಯವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಗುಡ್ಡದ ರೈತನ ಬಾಗಿಲಿಗೆ ಕಂಪನಿ ಸರ್ಕಾರ ಬಂದದ್ದೇ ನಗದು ಕಂದಾಯ, ಸಾಲಪತ್ರ, ಕೋರ್ಟಿನ ಡಿಕ್ರಿಗಳ ರೂಪದಲ್ಲಿ. ಕಂದಾಯ ಕಟ್ಟಲು ಸಾಲ, ಸಾಲಕ್ಕೆ ಹೊಲ ಜಪ್ತಿ, ಜಪ್ತಿಗೆ ಸರ್ಕಾರದ ಬೆಂಬಲ. ಬಂಡಾಯದ ಪೆಟ್ಟು ಬಿದ್ದದ್ದೂ ಅಲ್ಲಿಗೇ. ಸಂಗೊಳ್ಳಿ ರಾಯಣ್ಣನೂ ಸರ್ಕಾರಿ ಕಚೇರಿಗಳನ್ನು ಸುಟ್ಟ, ಖಜಾನೆ ದೋಚಿದ. 1831ರಲ್ಲಿ ನಂದಗಡದಲ್ಲಿ ಅವನಿಗೂ ಗಲ್ಲೇ ಆಯಿತು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡರ ಊರನ್ನೇ ಬ್ರಿಟಿಷರು ಸುಟ್ಟರು. ಇವರನ್ನು ಲಾವಣಿಗಳು ಕಾಪಾಡಿದವು, ನಾವು ವೀರರೆಂದು ಒಪ್ಪಿಕೊಂಡೆವು. ಅದೇ ಅಳತೆ ರಾಘೋಜಿಗೂ ಸಲ್ಲಬೇಕಲ್ಲವೇ? ಡೊಂಬಿವಲಿ, ಕಲ್ಯಾಣ, ವಾಶಿಯ ಕನ್ನಡಿಗರು ರಾಯಣ್ಣನನ್ನು ನೆನೆಯುವ ದಿನ ನಮ್ಮ ಪಕ್ಕದಲ್ಲೇ ಗಲ್ಲಿಗೇರಿದ ಇವನ ಹೆಸರನ್ನೂ ಹೇಳೋಣ ಅನ್ನುತ್ತೇನೆ. ನೀವೇನಂತೀರಿ?