ಮಂಗಟ್ಟೆ ಹಕ್ಕಿ ಕಲಿಸುವ ಪಾಠ



ಸತ್ತವರನ್ನು ಮಣ್ಣು ಮಾಡುವುದನ್ನು ಮನುಷ್ಯನಿಗೆ ಮೊದಲು ತೋರಿಸಿಕೊಟ್ಟದ್ದು ಒಂದು ಕಾಗೆ. ಆದಮ್(ಅ)ರ ಇಬ್ಬರು ಪುತ್ರರ ವೃತ್ತಾಂತದಲ್ಲಿ ಪವಿತ್ರ ಕುರ್‌ಆನ್ ಇದನ್ನು ತಿಳಿಸಿದೆ. ಮದ್ರಸದಲ್ಲಿ ಈ ಪಾಠ ಮಾಡುವಾಗ ಮಕ್ಕಳು, ಹಕ್ಕಿಯೂ ಉಸ್ತಾದ್ ಆಗುತ್ತದೆಯೇ ಎಂದು ನಗುತ್ತಾರೆ. ಯಾಕಾಗಬಾರದು? ಪ್ರಾಣಿಗಳೂ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅಲ್‌ಅನ್‌ಆಮ್ ಹೇಳುತ್ತದೆ. ಕಾಗೆ ಕಲಿಸಿದ್ದು ಮರಣದ ದಿನದ ಕೆಲಸ. ಮರಣದ ನಂತರದ ದಿನಗಳ ವಿಷಯದಲ್ಲಿ ಇನ್ನೊಂದು ಹಕ್ಕಿಯಿಂದ ನಾವು ಕಲಿಯುವುದಿದೆ.

ಅದು ಮಂಗಟ್ಟೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ, ಬಾಗಿದ ದೊಡ್ಡ ಕೊಕ್ಕಿನ ಹಕ್ಕಿ. ದಾಂಡೇಲಿಯ ಸುತ್ತ ಕಾಳಿ ನದಿಯ ಆಸುಪಾಸಿನ ಕಾಡನ್ನು 2011ರಲ್ಲಿ ಸರಕಾರ ಈ ಹಕ್ಕಿಗೆಂದೇ ಸಂರಕ್ಷಿತ ಪ್ರದೇಶವಾಗಿ ಘೋಷಿಸಿತು. ಇವುಗಳಲ್ಲಿ ಅತಿ ದೊಡ್ಡದಾದ ದಾಸ ಮಂಗಟ್ಟೆ ತಲೆಯ ಮೇಲೆ ಹಾದುಹೋದರೆ ರೆಕ್ಕೆಯ ಸದ್ದು ಉಗಿಬಂಡಿ ಬಂದಂತೆ ಕೇಳಿಸುತ್ತದೆ.

ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಹಕ್ಕಿ ಹಳೆಯ ಹೆಮ್ಮರದ ಪೊಟರೆಯನ್ನು ಸೇರಿ, ತನ್ನ ಹಿಕ್ಕೆಯಿಂದಲೇ ಬಾಯಿಯನ್ನು ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕಿನ ತುದಿ ಹಿಡಿಸುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಶತ್ರುಗಳಿಂದ ಮೊಟ್ಟೆ-ಮರಿಗಳಿಗೆ ಅದೇ ರಕ್ಷಣೆ. ಒಳಗೆ ಕುಳಿತ ಮೇಲೆ ಅದರ ರೆಕ್ಕೆ-ಬಾಲದ ಗರಿಗಳು ಉದುರುತ್ತವೆ. ಹಾರಲು ಶಕ್ತಿಯೇ ಇಲ್ಲ. ಗಂಡು ಹಕ್ಕಿ ಆಲ, ಅತ್ತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನೊಳಗೆ ಕೊಡುತ್ತದೆ. ಮೊಟ್ಟೆಗೆ ಕಾವು ಕೊಡಲು ಸುಮಾರು ನಲ್ವತ್ತು ದಿನ. ಮರಿ ಹಾರುವವರೆಗೆ ಎಲ್ಲ ಸೇರಿ ಹೆಚ್ಚು ಕಡಿಮೆ ನಾಲ್ಕು ತಿಂಗಳು. ಒಳಗಿರುವವಳು ಹೊರಗೆ ಬಂದು ಕೇಳಲಾರಳು. ಹೊರಗಿರುವವನೇ ಸೀಳಿನವರೆಗೆ ಹೋಗಬೇಕು.

ಪತಿ ತೀರಿಕೊಂಡ ಮಹಿಳೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾದರೆ ಹೆರಿಗೆಯವರೆಗೆ. (ಲೆಕ್ಕ ಹತ್ತಿರವಿದೆಯೆಂದು ಇದರಲ್ಲಿ ಗುಟ್ಟು ಹುಡುಕಬೇಡಿ. ನಾನು ಹೇಳುತ್ತಿರುವುದು ಹೋಲಿಕೆ ಮಾತ್ರ.) ಆದರೆ ದೊಡ್ಡದೊಂದು ವ್ಯತ್ಯಾಸವಿದೆ. ಇವಳಿಗೆ ತಂದುಕೊಡುತ್ತಿದ್ದವನೇ ಈಗ ಇಲ್ಲ. ಹಾಗಾದರೆ ಸೀಳಿನ ಬಳಿಗೆ ಬರುವವರು ಯಾರು?

ಮೂರು ದಿನ ಮನೆ ತುಂಬ ಜನ, ಪಾತ್ರೆ ತುಂಬ ಅನ್ನ. "ಏನಾದರೂ ಬೇಕಿದ್ದರೆ ಹೇಳು" ಎಂದು ಎಲ್ಲರೂ ಹೇಳಿ ಹೋಗುತ್ತಾರೆ. ಎರಡನೆಯ ತಿಂಗಳಿಗೆ ಬಾಗಿಲ ಮುಂದೆ ಚಪ್ಪಲಿಗಳಿರುವುದಿಲ್ಲ. ಅವಳು ಹೇಳಲಿಲ್ಲ, ಆದ್ದರಿಂದ ಬೇಕಿಲ್ಲ ಎಂದು ನಾವು ತಿಳಿದುಕೊಳ್ಳುತ್ತೇವೆ. ಅವಳು ಹೇಳುವುದಿಲ್ಲ ಸಹೋದರಿಯರೇ! ಸ್ವಾಭಿಮಾನದಿಂದ ಕೈಚಾಚದವರನ್ನು ಅರಿಯದವರು ಅನುಕೂಲಸ್ಥರೆಂದೇ ಭಾವಿಸುತ್ತಾರೆಂದು ಸೂರಃ ಅಲ್‌ಬಕರಃ ಎಚ್ಚರಿಸುತ್ತದೆ. ಮುಖಲಕ್ಷಣದಿಂದ ಗುರುತಿಸಬೇಕಾದವರು ನಾವು.

ಹಿಜರಿ 8ರಲ್ಲಿ ಮುಅ್‌ತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಅವರ ಮನೆಯವರಿಗೆ ಆಹಾರ ಸಿದ್ಧಪಡಿಸುವಂತೆ ಪ್ರವಾದಿ(ಸ)ರವರು ಹೇಳಿದರು. ದುಃಖದಲ್ಲಿ ಮುಳುಗಿದವರಿಗೆ ಒಲೆ ಹಚ್ಚುವ ಮನಸ್ಸೆಲ್ಲಿ? ಪತ್ನಿ ಅಸ್ಮಾ(ರ) ಬೇಕೆಂದು ಹೇಳಲಿ ಎಂದು ಯಾರೂ ಕಾಯಲಿಲ್ಲ.

ಈಗಿನ ಕಾಲದಲ್ಲಿ ಅನ್ನಕ್ಕಿಂತ ಹೆಚ್ಚಾಗಿ ಓಡಾಟದ ಕೆಲಸಗಳು ಅವಳನ್ನು ಕಾಡುತ್ತವೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ತಡವಾದರೆ ಅಲೆದಾಟ. ಆ ಪ್ರಮಾಣಪತ್ರವಿಲ್ಲದೆ ಬ್ಯಾಂಕಿನ ಹಣವೂ ಇಲ್ಲ, ವಿಮೆಯೂ ಇಲ್ಲ, ವಿಧವಾ ವೇತನದ ಅರ್ಜಿಯೂ ಇಲ್ಲ. ನಿಮ್ಮ ಮನೆಯ ಗಂಡಸರನ್ನು ಆ ಕೆಲಸಕ್ಕೆ ಕಳುಹಿಸಿ. ಅವಳು ಬೀಡಿ ಕಟ್ಟುವವಳಾದರೆ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದು, ಎಲೆ-ಹೊಗೆಸೊಪ್ಪು ತಂದುಕೊಡಿ. ಅದು ದಾನವಲ್ಲ, ಅವಳದೇ ದುಡಿಮೆ. ಪಡೆಯುವಾಗ ತಲೆ ತಗ್ಗಿಸಬೇಕಿಲ್ಲ. ಅವಳ ಮಕ್ಕಳನ್ನು ನಿಮ್ಮ ಮಕ್ಕಳ ಜೊತೆಗೆ ಶಾಲೆಗೆ ಕರೆದೊಯ್ಯಿರಿ.

ಸಹಾಯಕ್ಕೆ ಹೋಗದವರು ಕೆಲವೊಮ್ಮೆ ಕಾವಲಿಗೆ ಮಾತ್ರ ಹೋಗುತ್ತಾರೆ. ಅವಳು ಅಂಗಳಕ್ಕೆ ಬಂದಳೇ, ಕಿಟಕಿಯಲ್ಲಿ ನಿಂತಳೇ ಎಂದು ನೋಡುವ ಕಣ್ಣುಗಳು! ಇದ್ದತ್ ಸೆರೆಮನೆಯಲ್ಲ. ತಲಾಖ್‌ನ ಇದ್ದತ್‌ನಲ್ಲಿದ್ದ ಜಾಬಿರ್(ರ)ರ ತಾಯಿಯ ಸಹೋದರಿಯನ್ನು, ತೋಟದ ಖರ್ಜೂರ ಕೊಯ್ಯಲು ಹೋಗದಂತೆ ಒಬ್ಬರು ತಡೆದಾಗ, ಪ್ರವಾದಿ(ಸ)ರವರು ಹೋಗಲು ಅನುಮತಿಯಿತ್ತರು. ಪತಿ ತೀರಿಕೊಂಡವಳೂ ಅಗತ್ಯಕ್ಕೆ ಹಗಲಿನಲ್ಲಿ ಹೊರಗೆ ಹೋಗಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಪಕ್ಕದ ಮನೆಯವರು ಕೈಜೋಡಿಸಿದರೆ ಆ ಅಗತ್ಯ ಎಷ್ಟೋ ಕಡಿಮೆಯಾದೀತು.

ಅರುಣಾಚಲದ ನಾಮ್ದಾಫಾ ಕಾಡಿನಲ್ಲಿ ಕಂದು ಬಣ್ಣದ ಒಂದು ಜಾತಿಯ ಮಂಗಟ್ಟೆಯಿದೆ. ಅದು ಗುಂಪಿನಲ್ಲಿ ಬಾಳುತ್ತದೆ. ಪೊಟರೆಯೊಳಗಿನ ತಾಯಿಗೆ ಅವಳ ಜೋಡಿ ಮಾತ್ರವಲ್ಲ, ಗುಂಪಿನ ಇತರ ಹಕ್ಕಿಗಳೂ ಆಹಾರ ತಂದುಕೊಡುತ್ತವೆ. ನಮ್ಮ ಒಂದೊಂದು ಮೊಹಲ್ಲಾದಲ್ಲಿ ನೂರಾರು ಮನೆಗಳಿವೆ. ವಾರಕ್ಕೊಂದು ಮನೆಯ ಸರದಿ ಎಂದರೂ ನಾಲ್ಕು ತಿಂಗಳಿಗೆ ಬೇಕಾಗುವುದು ಇಪ್ಪತ್ತು ಮನೆಗಳೂ ಅಲ್ಲ.

ನಮ್ಮ ಘಟ್ಟದ ದಾಸ ಮಂಗಟ್ಟೆಯಲ್ಲಿ, ಮರಿ ಸ್ವಲ್ಪ ಬೆಳೆದ ಮೇಲೆ ತಾಯಿ ಮುಚ್ಚಳ ಒಡೆದು ಹೊರಗೆ ಬರುತ್ತದೆ. ಆಗ ಮೈಮೇಲೆ ಹೊಸ ಗರಿಗಳು. ಮರಿ ಒಳಗಿನಿಂದ ಮತ್ತೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನು ಹಣ್ಣು ತರಲು ತಾಯಿಯೂ ಹೊರಡುತ್ತಾಳೆ. ನಮ್ಮ ಸಹೋದರಿಯೂ ಹಾಗೆ ಒಂದು ದಿನ ಹೊರಗೆ ಬರುತ್ತಾಳೆ. ಮೊದಲ ಸಲ ಬ್ಯಾಂಕಿಗೋ ನಾಡಕಚೇರಿಗೋ ಹೋಗುವ ಆ ದಿನ ಅವಳ ಜೊತೆ ನೀವೂ ಹೊರಡಿ. ಅರ್ಜಿಯಲ್ಲಿ ಪತಿಯ ಹೆಸರಿನ ಮುಂದೆ 'ದಿವಂಗತ' ಎಂದು ಬರೆಯುವಾಗ ಕೈ ನಡುಗುತ್ತದೆ.