ಸದ್ದಿಲ್ಲದಾಗ ಅಳೆದರೆ ಎಲ್ಲಾ ಸರಿಯೇ ಇರುತ್ತದೆ



ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದಿ. ಜಯಂತಿ ಮುಗಿದ ಮೇಲೆ ನನಗೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಅಣ್ಣಾ, ನಮ್ಮ ಗಾಡ್ಯಾಗಿನ ಆಂಪು ವಾಲ್ಯೂಮ್ ಏರಿಸಿದ್ರ ಬಂದ್ ಆಗ್ತೇತಿ. ಏನ್ ಮಾಡೂದು?" ದೇವರಗುಡ್ಡದಲ್ಲಿ ನಮ್ಮ ಹುಡುಗರ ವ್ಯಾನ್ ರಿಪೇರಿ ಮಾಡುವಾಗ ತೆಗೆದ ಫೋಟೋ ಹಾಕಿದ್ದೆ, ಅದನ್ನು ನೋಡಿ ಕೇಳಿದ್ದಾರೆ. ಹೋರಾಟಕ್ಕೆ ಬರುವ ಮುಂಚೆ ನಾನು ಐಟಿಐ ಎಲೆಕ್ಟ್ರಿಷಿಯನ್ ಓದಿ ಮೋಟರ್ ವೈಂಡಿಂಗ್ ಮಾಡ್ತಿದ್ದವನು. ಹಾಗಾಗಿ ಒಬ್ಬೊಬ್ಬರಿಗೆ ಬರೆಯೋ ಬದಲು ಇಲ್ಲೇ ಎಲ್ಲರಿಗೂ ಬರೆಯುತ್ತಿದ್ದೇನೆ. ಆದರೆ ಈ ಮಾತು ಆಂಪಿಗೇ ಮುಗಿಯೋದಿಲ್ಲ, ಅದನ್ನೂ ಹೇಳ್ತೀನಿ.

ಮೊದಲು ಆ ವ್ಯಾನಿನ ಕಥೆ. ಸೆಕೆಂಡ್ ಹ್ಯಾಂಡ್ ಆಂಪು, ಹಿಂದೆ ಎರಡು ಊಫರ್, ಮೇಲೆ ಸ್ಪೀಕರ್. ಕೇರಿಯ ಹುಡುಗರು ಮೆಕ್ಕೆಜೋಳದ ಕೂಲಿ, ಬೀಜದ ಪ್ಲಾಟಿನ ಕೂಲಿ ದುಡ್ಡು ಕೂಡಿಸಿ ತಂದದ್ದು. ಭಾಷಣ ಹಾಕಿದ್ರೆ ಚೆನ್ನಾಗೇ ಹಾಡ್ತಿತ್ತು. ಸಣ್ಣ ದನಿಯಲ್ಲಿ ದಿನವಿಡೀ ಇಟ್ಟರೂ ಏನೂ ಆಗ್ತಿರಲಿಲ್ಲ. ವಾಲ್ಯೂಮ್ ಏರಿಸಿ ಭೀಮಗೀತೆ ಹಾಕಿ, ಅದರಲ್ಲಿ ಹಲಗಿ ಪೆಟ್ಟು ಬಿತ್ತು ಅಂದ್ರೆ ಮುಗೀತು. ಕೆಂಪು ಲೈಟು ಹತ್ತಿ ಬಂದ್. ಮೂರ್ನಾಲ್ಕು ಸೆಕೆಂಡಿಗೆ ತಾನೇ ಶುರು. ಮತ್ತೊಂದು ಪೆಟ್ಟು, ಮತ್ತೆ ಬಂದ್.

ಪೇಟೆಯಲ್ಲಿ ಒಂದು ಅಂಗಡಿಯವರು ಬಾಗಿಲು ತೆಗೆದು ನೋಡದೇ "ಆಂಪು ಹೋಗೇತಿ, ಹೊಸದು ತಗೋರಿ" ಅಂದರಂತೆ. ಊರಿನ ಹಿರಿಯರೊಬ್ಬರ ಸಲಹೆ ಇನ್ನೂ ಸರಳ: "ಸೌಂಡ್ ಕಮ್ಮಿ ಇಟ್ಕೋರೋ ತಮ್ಮಾ, ಎಲ್ಲಾ ಸರಿ ಇರ್ತೇತಿ."

ಕಮ್ಮಿ ಇಟ್ಟರೆ ನಿಜವಾಗಿಯೂ ಸರಿ ಇರ್ತಿತ್ತು. ತೊಡಕು ಇರೋದೇ ಅಲ್ಲಿ. ದೋಷ ಹೋಗಿರಲ್ಲ, ಕಾಣಿಸ್ತಿರಲ್ಲ, ಅಷ್ಟೇ.

ಯಾಕೆ ಹಾಗೆ ಅಂತ ಲೆಕ್ಕದಲ್ಲೇ ನೋಡೋಣ. ಮನೆ ಕರೆಂಟು 230 ವೋಲ್ಟ್, ಗಾಡಿಯ ಬ್ಯಾಟರಿ 12 ವೋಲ್ಟ್. 460 ವಾಟ್ ಎಳೆಯಬೇಕಾದರೆ ಮನೆಯಲ್ಲಿ 2 ಆಂಪಿಯರ್ ಹರಿದರೆ ಸಾಕು. ಗಾಡಿಯಲ್ಲಿ ಹತ್ತಿರ ಹತ್ತಿರ 40 ಆಂಪಿಯರ್ ಹರಿಯಬೇಕು. ಈಗ ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ತುಕ್ಕು ಹಿಡಿದ ಜಾಯಿಂಟ್ ಇದೆ ಅಂದ್ಕೊಳ್ಳಿ. ಅದರ ತಡೆ ಒಂದು ಓಮ್‌ನ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಸಣ್ಣ ದನಿಗೆ 2 ಆಂಪಿಯರ್ ಹರಿದಾಗ ಅದು ತಿನ್ನೋದು ಬರೀ 0.1 ವೋಲ್ಟ್. ಯಾರ ಗಮನಕ್ಕೂ ಬರಲ್ಲ. ದೊಡ್ಡ ದನಿಗೆ 40 ಆಂಪಿಯರ್ ಹರಿದಾಗ ಅದೇ ಜಾಯಿಂಟು 2 ವೋಲ್ಟ್ ತಿಂದುಬಿಡುತ್ತೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ, ಎಷ್ಟೋ ಆಂಪುಗಳಲ್ಲಿ ಅದು 10 ವೋಲ್ಟಿನ ಆಸುಪಾಸು, ಆಂಪು ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ಬಂದ್ ಆಗುತ್ತೆ. ಬಂದ್ ಆದ ಕೂಡಲೇ ಕರೆಂಟು ಹರಿಯೋದು ನಿಲ್ಲುತ್ತೆ, ವೋಲ್ಟೇಜು ಮೇಲೇರುತ್ತೆ, ಆಂಪು ಮತ್ತೆ ಶುರು.

ಹಾಗಾಗಿ ಹಾಡು ನಿಲ್ಲಿಸಿ ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುತ್ತೆ. "ಕರೆಂಟು ಸರಿ ಐತಿ, ವೈರ್ ಸರಿ ಐತಿ, ನಿಮ್ಮ ಆಂಪಿನ್ಯಾಗ ದೋಷ ಐತಿ" ಅಂತ ಹೇಳಿ ಕಳಿಸ್ತಾರೆ. ಭಾರ ಬಿದ್ದಾಗ ಮಾತ್ರ ಕಾಣೋ ದೋಷವನ್ನು ಭಾರ ಇಲ್ಲದಾಗ ಅಳೆದರೆ ಎಲ್ಲಾ ಸರಿಯೇ ಇರುತ್ತದೆ.

ಇನ್ನು ಹುಡುಕೋ ಕ್ರಮ. ಹುಡುಗರು ಇದನ್ನು ಸೇವ್ ಮಾಡಿಟ್ಟುಕೊಳ್ಳಿ.

ಮೊದಲು ಯಾವಾಗ ಬಂದ್ ಆಗುತ್ತೆ ಅಂತ ಗಮನಿಸಿ. ಹತ್ತು ಹದಿನೈದು ನಿಮಿಷ ಜೋರಾಗಿ ಹಾಡಿ, ಮುಟ್ಟಿದರೆ ಕೈ ಸುಡುವಷ್ಟಾಗಿ ಬಂದ್ ಆಗಿ, ಆರಿದ ಮೇಲೆ ಶುರುವಾದರೆ ಅದು ಕಾವಿನ ಸಮಸ್ಯೆ. ಆಂಪಿನ ಮೇಲೆ ಹಾಸಿದ ಕಾರ್ಪೆಟ್, ಬ್ಯಾನರ್ ತೆಗೆದು ಗಾಳಿ ಆಡೋಕೆ ಬಿಡಿ. ಪೆಟ್ಟು ಬಿದ್ದ ಕ್ಷಣಕ್ಕೇ ಬಂದ್ ಆಗಿ ಕೂಡಲೇ ಬಂದರೆ ವೋಲ್ಟೇಜನ್ನೇ ಮೊದಲು ಅನುಮಾನಿಸಿ. ಸ್ಪೀಕರ್ ವೈರ್ ಎಲ್ಲಾ ಬಿಚ್ಚಿದ ಮೇಲೂ ಕೆಂಪು ಲೈಟು ಆರದಿದ್ದರೆ ಆಗ ಆಂಪಿನ ಒಳಗೇ ದೋಷ ಇರಬಹುದು.

ಎರಡನೇದು, ಸ್ಪೀಕರ್ ಜೋಡಿಸಿದ ರೀತಿ. 4 ಓಮ್‌ನ ಎರಡು ಊಫರ್‌ಗಳನ್ನು ಪ್ಯಾರಲಲ್ ಕೊಟ್ಟರೆ ಆಂಪಿಗೆ ಅದು 2 ಓಮ್. ಆಂಪಿನ ಮೇಲೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ಅದು ತಾಳಲಾರದ ಭಾರ. ಹಾಗೇ ಸ್ಪೀಕರ್ ವೈರ್ ಎಲ್ಲಾದರೂ ಸಿಪ್ಪೆ ಸುಲಿದು ಗಾಡಿಯ ಬಾಡಿಗೆ ತಾಗ್ತಿದೆಯಾ ನೋಡಿ.

ಮೂರನೇದು ಅಳತೆ. ಇಂಜಿನ್ ಚಾಲೂ ಇರಲಿ. ಹಾಡಿನ ಪೆಟ್ಟಿಗೆ ಮೀಟರಿನ ಅಂಕಿ ಕುಣಿಯುತ್ತೆ, ಓದೋಕೆ ಆಗಲ್ಲ. ಅದಕ್ಕೆ ಮೊಬೈಲಿನಲ್ಲಿ ಒಂದೇ ಸಮ ಗುಂಯ್ ಅನ್ನೋ 50 ಹರ್ಟ್ಸ್ ಟೋನ್ ಹಾಕಿ, ಬಂದ್ ಆಗೋ ಮಟ್ಟದ ಹತ್ತಿರಕ್ಕೆ ವಾಲ್ಯೂಮ್ ಏರಿಸಿ, ನಾಲ್ಕೈದು ಸೆಕೆಂಡ್ ಮಾತ್ರ. ಆಗ ಬ್ಯಾಟರಿ ಮೇಲೆ ಎಷ್ಟು, ಆಂಪಿನ ಟರ್ಮಿನಲ್ ಮೇಲೆ ಎಷ್ಟು? ನಮ್ಮ ವ್ಯಾನಿನಲ್ಲಿ ಬ್ಯಾಟರಿ ಮೇಲೆ 12.9, ಆಂಪಿನ ಮೇಲೆ 10.2. ನಡುವೆ 2.7 ವೋಲ್ಟ್ ಮಾಯ.

ಎಲ್ಲಿ ಮಾಯ ಆಯ್ತು? ಟೋನ್ ಹಾಕಿಕೊಂಡೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಆಂಪಿನ ಪ್ಲಸ್‌ಗೆ: 0.5 ವೋಲ್ಟ್. ಆಮೇಲೆ ಒಂದು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಂಪಿನ ಅರ್ಥ್ ಟರ್ಮಿನಲ್‌ಗೆ: 2.2 ವೋಲ್ಟ್. ಕಳ್ಳ ಸಿಕ್ಕಿದ. ಫಿಟ್ ಮಾಡಿದವರು ದಪ್ಪನೆ ಕೆಂಪು ವೈರ್ ಎಳೆದು, ಅರ್ಥ್‌ಗೆ ಮಾತ್ರ ತೆಳ್ಳನೆಯದು ಹಾಕಿ, ಸೀಟಿನ ಬೋಲ್ಟಿಗೆ ಬಿಗಿದಿದ್ದರು. ಬೋಲ್ಟಿನ ಕೆಳಗೆ ಪೇಂಟು, ಪೇಂಟಿನ ಕೆಳಗೆ ತುಕ್ಕು. ಮುಟ್ಟಿದರೆ ಬೋಲ್ಟು ಬಿಸಿ. ಬಿಸಿ ಆಗಲೇಬೇಕು, 2.2 ವೋಲ್ಟನ್ನು 40 ಆಂಪಿಯರಿಗೆ ಗುಣಿಸಿ: 88 ವಾಟ್. ಹಾಡಾಗಬೇಕಿದ್ದ ಕರೆಂಟು ದಾರಿಯಲ್ಲೇ ಕಾವಾಗಿ ಹೋಗ್ತಿತ್ತು.

ಬ್ಯಾಟರಿಯ ಮೈನಸ್ ಬಿಚ್ಚಿ ಬೇರೆ ಜಾಗ ನೋಡಿದೆವು. ಗಾಡಿಯ ಗಟ್ಟಿ ಲೋಹದ ಮೇಲೆ ಸ್ಯಾಂಡ್‌ಪೇಪರಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಕೆಂಪು ವೈರಿನಷ್ಟೇ ದಪ್ಪದ ಗಿಡ್ಡ ತಾಮ್ರದ ವೈರ್ ಬಿಗಿದು, ಮೇಲೆ ಗ್ರೀಸ್ ಬಳಿದೆವು. ಮತ್ತೆ ಅಳೆದಾಗ 2.2 ಇದ್ದದ್ದು 0.2. ಅದೇ ಆಂಪು, ಅದೇ ಊಫರ್, ಅದೇ ಹಾಡು. ಎಷ್ಟು ಏರಿಸಿದರೂ ಬಂದ್ ಆಗಲಿಲ್ಲ. ಖರ್ಚು ಒಂದು ತುಂಡು ವೈರ್.

ಒಂದು ಎಚ್ಚರಿಕೆ. ಫ್ಯೂಸ್ ಪದೇ ಪದೇ ಹೋಗ್ತದೆ ಅಂತ ದೊಡ್ಡ ಫ್ಯೂಸ್ ಹಾಕೋದು, ತಂತಿ ಸುತ್ತೋದು ಮಾಡಬೇಡಿ. ವೈರಿಗೆ ಬೆಂಕಿ ಹತ್ತುತ್ತೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರ್ ಕೊಳ್ಳುವಾಗ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು, ಅಷ್ಟು ಕರೆಂಟು ಒಯ್ಯಲ್ಲ.

ಈಗ ಇನ್ನೊಂದು ಮಾತು.

ನಮ್ಮ ಅಜ್ಜಂದಿರಿಗೆ ಮೀಟರ್ ಇರಲಿಲ್ಲ. ಆದರೆ ಹಲಗಿ ದನಿ ಯಾಕೆ ಸತ್ತಿದೆ ಅಂತ ಅವರಿಗೆ ಗೊತ್ತಿತ್ತು. ತಂಪಿಗೆ ಚರ್ಮ ಸಡಿಲ ಆದರೆ ಹುಲ್ಲಿನ ಬೆಂಕಿಗೆ ಹಿಡಿದು ಕಾಸ್ತಿದ್ರು. ಬೆರಳಲ್ಲಿ ಬಡಿದು, ಕಿವಿಗೊಟ್ಟು ಕೇಳಿ, ಮತ್ತೆ ಕಾಸ್ತಿದ್ರು. ಅದೂ ವಿದ್ಯೆಯೇ. ಅದನ್ನು ಯಾರೂ ವಿದ್ಯೆ ಅಂತ ಕರೆಯಲಿಲ್ಲ. ಡಂಗೂರ ಸಾರೋಕೆ ನಮ್ಮ ಕೈ ಬೇಕಿತ್ತು, ಆದರೆ ಸಾರುತ್ತಿದ್ದ ಸುದ್ದಿ ನಮ್ಮದಾಗಿರಲಿಲ್ಲ. ಊರಿನ ಆಂಪು ನಾವೇ ಆಗಿದ್ದೆವು, ಮೈಕು ಬೇರೆಯವರ ಕೈಯಲ್ಲಿತ್ತು.

ತುಂಗಭದ್ರೆಯ ಆಚೆ ದಂಡೆಯ ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಅದೇ ವಾದ್ಯದ ಕೆಲಸ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ಕೇರಿಯಿಂದ ಕೇರಿಗೆ ಹೋದದ್ದು ಬಾಯಿಂದ, ಹಲಗಿ ತಮಟೆಯಿಂದ. ಆಗಲೂ "ಸ್ವಲ್ಪ ಮೆತ್ತಗೆ" ಅನ್ನೋರು ಇದ್ದೇ ಇದ್ದರು. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದದ್ದಕ್ಕೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಮಂತ್ರಿಗಿರಿ ಹೋಯಿತು. ಸಣ್ಣ ದನಿಯಲ್ಲಿ ಇದ್ದಷ್ಟು ದಿನ ಎಲ್ಲಾ ಸರಿ ಇತ್ತು. ದನಿ ಏರಿತು, ಸಪ್ಲೈ ಕಟ್.

ಇವತ್ತಿಗೂ ಹಾಗೇ. "ನಮ್ಮೂರಾಗ ಹಂಗೇನಿಲ್ರಿ, ಎಲ್ಲಾರೂ ಅಣ್ಣ ತಮ್ಮರಂಗ ಅದೀವಿ" ಅಂತಾರೆ. ಅಳೆದದ್ದು ಯಾವಾಗ? ಕೇರಿ ಸುಮ್ಮನಿದ್ದಾಗ. ಭಾವಚಿತ್ರದ ಮೆರವಣಿಗೆ ಕೇರಿಯೊಳಗೇ ಸುತ್ತಿದಾಗ. ಅದೇ ಮೆರವಣಿಗೆ ದೊಡ್ಡ ಬೀದಿಗೆ ತಿರುಗಲಿ, ಚಹಾದಂಗಡಿಯಲ್ಲಿ ನಮ್ಮ ಹುಡುಗ ಬೇರೆ ಕಪ್ಪು ಬೇಡ ಅನ್ನಲಿ, ಪಂಚಾಯ್ತಿಯಲ್ಲಿ ನಮ್ಮ ಹೆಣ್ಣುಮಗಳು ಕುರ್ಚಿ ಮೇಲೆ ಕೂತು ಲೆಕ್ಕ ಕೇಳಲಿ. ಆಗ ಅಳೀರಿ. ಆಗ ಗೊತ್ತಾಗುತ್ತೆ ಎಷ್ಟು ವೋಲ್ಟ್ ಎಲ್ಲಿ ಬೀಳುತ್ತೆ ಅಂತ. ಜಗಳ ಆದದ್ದು ನಮ್ಮ ದನಿಯಿಂದ ಅಂತಾರೆ. ಬೋಲ್ಟಿನ ಕೆಳಗಿನ ತುಕ್ಕನ್ನು ದನಿ ಹುಟ್ಟಿಸಲಿಲ್ಲ, ಅಲ್ಲಿದ್ದದ್ದನ್ನು ತೋರಿಸಿತು.

ಇದನ್ನು ದೇವರಗುಡ್ಡದಿಂದಲೇ ಬರೆಯೋಕೆ ಕಾರಣ ಇದೆ. ದಸರಾದಲ್ಲಿ ಇಲ್ಲಿ ಮಾಲತೇಶನ ಕಾರ್ಣಿಕ ನಡೆಯುತ್ತೆ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂತಾನೆ. ಏಳುಕೋಟಿ ಅಂತ ಕೂಗುತ್ತಿದ್ದ ಸಾವಿರಾರು ಜನ ಒಂದೇ ಕ್ಷಣಕ್ಕೆ ಮೌನ. ಒಂದು ಸಾಲು ಹೇಳ್ತಾನೆ. ಅದನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹಚ್ಚಿ ಜನ ವರ್ಷವಿಡೀ ಅರ್ಥ ಹೇಳ್ತಾರೆ. ಈಗ ಟಿವಿ ಕ್ಯಾಮೆರಾ, ಮೈಕು ಬಂದಿವೆ. ಆದರೆ ಆ ಮಾತು ಮುಟ್ಟುತ್ತಿದ್ದದ್ದು ಮೈಕಿನಿಂದಲ್ಲ, ಕೇಳೋರು ಸುಮ್ಮನಾದದ್ದರಿಂದ. ಕೇಳುವ ಮನಸ್ಸಿದ್ದಲ್ಲಿ ಆಂಪು ಬೇಕಾಗಿಲ್ಲ. ನಮ್ಮ ಮಾತಿಗೆ ಅಂಥ ಮೌನ ಯಾರೂ ಕೊಟ್ಟಿಲ್ಲ. ಅದಕ್ಕೇ ಹುಡುಗರು ಕೂಲಿ ದುಡ್ಡಲ್ಲಿ ಊಫರ್ ತರ್ತಾರೆ.

ಹಾಗಂತ ಸೌಂಡ್ ಜಾಸ್ತಿ ಮಾಡೋದೇ ಹೋರಾಟ ಅಲ್ಲ. ಕೂಸುಗಳಿಗೆ, ವಯಸ್ಸಾದವರಿಗೆ ಆಗೋ ತ್ರಾಸು ಯಾರ ಜಾತಿಯನ್ನೂ ಕೇಳಲ್ಲ. 2000ದ ಶಬ್ದಮಾಲಿನ್ಯ ನಿಯಮ ಇದೆ: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಇಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಬಹುದು. ಪರ್ಮಿಷನ್ ಬರಹದಲ್ಲಿ ತಗೊಳ್ಳಿ, ನಿಯಮ ಪಾಲಿಸಿ. ಮತ್ತು ಅದೇ ನಿಯಮ ಊರಿನ ಎಲ್ಲಾ ಮೆರವಣಿಗೆಗೂ ಇದೆಯಾ ಅಂತ ಕೇಳಿ. ಒಬ್ಬರಿಗೊಂದು ಮೀಟರ್, ನಮಗೊಂದು ಮೀಟರ್ ಇರಬಾರದು.

ಬಾಬಾಸಾಹೇಬರನ್ನು ನಾವು ಸಂವಿಧಾನದ ಪುಸ್ತಕ ಹಿಡಿದ ಚಿತ್ರದಲ್ಲೇ ನೋಡ್ತೀವಿ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ವಿದ್ಯುತ್ ವಿಷಯವೂ ಅವರ ಖಾತೆಯಲ್ಲೇ ಇತ್ತು. ದಾಮೋದರ ಕಣಿವೆ ಯೋಜನೆಯ ತಯಾರಿಯಲ್ಲಿ ಅವರ ಕೆಲಸ ಇದೆ. ಕರೆಂಟು ಅವರಿಗೆ ಹೊರಗಿನ ವಿಷಯ ಆಗಿರಲಿಲ್ಲ. ನಮ್ಮ ಹುಡುಗರಿಗೂ ಆಗಬಾರದು.

ಹಾಗಾಗಿ ನನ್ನ ವಿನಂತಿ ಇಷ್ಟೇ. ಪ್ರತಿ ಕೇರಿಯಲ್ಲೂ ಒಂದು ಮಲ್ಟಿಮೀಟರ್ ಇರಲಿ. ಕೆಲವೇ ನೂರು ರೂಪಾಯಿ, ಒಂದು ಫ್ಲೆಕ್ಸಿಗಿಂತ ಕಮ್ಮಿ. ಅದನ್ನು ಹಿಡಿಯೋಕೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಕಲೀಲಿ. ರಾಣೇಬೆನ್ನೂರು, ಬ್ಯಾಡಗಿ ಕಡೆಯವರು ಒಂದು ಭಾನುವಾರ ಗುಡ್ಡಕ್ಕೆ ಬರ್ತೀವಿ ಅಂದರೆ ನಾನೇ ಕೂತು ಹೇಳಿಕೊಡ್ತೀನಿ. ಮುಂದಿನ ಏಪ್ರಿಲ್ 14ಕ್ಕೆ ವಾರ ಮುಂಚೆಯೇ ಗಾಡಿಯನ್ನು ಬಯಲಿಗೆ ಒಯ್ದು, ಇಂಜಿನ್ ಚಾಲೂ ಇಟ್ಟು, ಪೂರ್ತಿ ದನಿಯಲ್ಲಿ ಹತ್ತು ನಿಮಿಷ ಹಾಡಿಸಿ ನೋಡಿ. ಬಂದ್ ಆದರೆ ವಾಲ್ಯೂಮ್ ಇಳಿಸಬೇಡಿ, ಅರ್ಥ್ ವೈರ್ ಬಿಚ್ಚಿ ನೋಡಿ.

ಜೈ ಭೀಮ್.